ಒಂದೇ ಬೀಟಿನ ಮಕ್ಕಳು

ಹೊಂಗೆ ಹಿಂಡಿಯ ವಾಸನೆ ಗೊತ್ತಿಲ್ಲದವರಿಗೆ ಅದನ್ನು ಹೇಳಿ ತಿಳಿಸುವುದು ಕಷ್ಟ. ಬೀಜದಿಂದ ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುವ ಚರಟ ಅದು. ಕಹಿ. ಮೂಗಿಗಿಂತ ಮೊದಲು ಗಂಟಲಿಗೆ ತಾಗುತ್ತದೆ. ಮಳೆಗಾಲದಲ್ಲಿ ತೇವ ಹಿಡಿದರೆ ಇನ್ನೂ ಜೋರು. ನಾನು ಅ ಆ ಇ ಈ ಕಲಿತದ್ದು ಆ ವಾಸನೆಯಲ್ಲಿ.

ನಮ್ಮೂರಿಗೆ ಆಗ ಶಾಲೆಯ ಕಟ್ಟಡ ಇರಲಿಲ್ಲ. ಊರ ಜಮೀನ್ದಾರ ಪಿಳ್ಳಪ್ಪನವರು ದೊಡ್ಡ ಮನಸ್ಸು ಮಾಡಿ ತಮ್ಮ ಉಗ್ರಾಣದ ಅಂಕಣವೊಂದನ್ನು ಶಾಲೆಗೆ ಬಿಟ್ಟುಕೊಟ್ಟಿದ್ದರು. ಮುಂದೆ ಊರಿನ ಮಕ್ಕಳು. ಆಮೇಲೆ ಒಂದು ಮಾರು ಖಾಲಿ ಜಾಗ. ಅದರ ಹಿಂದೆ, ಹಿಂಡಿ ಚೀಲಗಳ ಬುಡದಲ್ಲಿ, ಕೇರಿಯ ನಾವು ನಾಲ್ವರು. ‘ನಿಮಗೆ ಅಲ್ಲೇ ತಂಪು ಕಣ್ರೇ’ ಅನ್ನುತ್ತಿದ್ದರು ಮೇಷ್ಟ್ರು. ಒಳ್ಳೆಯವರು. ನಮ್ಮನ್ನು ಒಂದು ದಿನವೂ ಹತ್ತಿರ ಬಂದು ಹೊಡೆಯಲಿಲ್ಲ. ಬೆತ್ತವನ್ನು ದೂರದಿಂದ ಎಸೆಯುತ್ತಿದ್ದರು. ಎದ್ದು ಹೋಗಿ ಅದನ್ನು ವಾಪಸು ತಂದು ನೆಲದ ಮೇಲಿಡುವುದು ನಮ್ಮ ಕೆಲಸ.

ಆ ಹೊಂಗೆ ಕಾಯನ್ನು ಕೆರೆ ಏರಿಯ ಮೇಲೆ ಬಗ್ಗಿ ಬಗ್ಗಿ ಆಯ್ದವಳು ನಮ್ಮಮ್ಮ. ಒಣಗಿಸಿ, ಕೊಡತಿಯಿಂದ ಬಡಿದು ಬೀಜ ಬಿಡಿಸಿದವಳೂ ಅವಳೇ. ಸಂಜೆಗೆ ಅವಳ ಬೆರಳುಗಳು ಮಡಚುತ್ತಿರಲಿಲ್ಲ. ಅನ್ನವನ್ನು ಅಂಗೈಯಿಂದ ಬಾಚಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಎಣ್ಣೆ ಪಿಳ್ಳಪ್ಪನವರ ದೀಪಕ್ಕೆ. ಹಿಂಡಿ ಪಿಳ್ಳಪ್ಪನವರ ಹೊಲಕ್ಕೆ. ವಾಸನೆ ನಮಗೆ.

ಇದೆಲ್ಲ ಅರವತ್ತು ವರ್ಷದ ಹಿಂದಿನ ಮಾತು. ಈ ಜೂನ್ ತಿಂಗಳ ಒಂದು ಸಂಜೆ ನನ್ನ ಮೊಮ್ಮಗಳು ಕೀರ್ತನ ಶಾಲೆಯಿಂದ ಬಂದು ಸಮವಸ್ತ್ರ ಬಿಚ್ಚಿ ಹಾಕಿದಳು. ಕಾಲರ್ ಉಜ್ಜಲು ಕೈಗೆತ್ತಿಕೊಂಡೆ. ಅದೇ ವಾಸನೆ.

‘ಏನೇ ಪುಟ್ಟಿ ಇದು?’

‘ಹೊಂಗೆ ಹಿಂಡಿ ಅಜ್ಜಿ. ರೋಸ್ ಗಿಡಕ್ಕೆ ಗೊಬ್ಬರ ಕಲಸಿದ್ವಿ. ಲೈಫ್ ಸ್ಕಿಲ್ಸ್ ಪೀರಿಯಡ್ಡು.’

‘ಎಲ್ರೂ ಕಲಸಿದ್ರಾ?’

‘ಇಲ್ಲ. ನಮ್ಮ ಸೆಕ್ಷನ್ನೋರು ಮಾತ್ರ. ಗೊಬ್ಬರದ ರೂಮು ನಮ್ಮ ಕ್ಲಾಸಿನ ಪಕ್ಕಾನೇ ಇರೋದು.’

ಎಂಟನೇ ಕ್ಲಾಸಿನ ಹುಡುಗಿ. ಉಗುರಿನ ಸಂದಿಯಲ್ಲಿ ಕಪ್ಪು. ಸೋಪು ಹಚ್ಚಿ ಮೂರು ಸಲ ತೊಳೆದೆ. ಹೋಗಲಿಲ್ಲ. ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು.

*

ಬೂದಿಗೆರೆ ರಸ್ತೆಯ ಕ್ಷಿತಿಜ ಗ್ಲೋಬಲ್ ಶಾಲೆ ಪಿಳ್ಳಪ್ಪನವರ ಮಗ ಕೆಂಪರಾಜು ಅವರದು. ತಂದೆ ಒಂದು ಅಂಕಣ ಬಿಟ್ಟುಕೊಟ್ಟಿದ್ದರು. ಮಗ ನಾಲ್ಕು ಮಹಡಿ ಕಟ್ಟಿಸಿದ್ದಾರೆ. ವಿದ್ಯೆಯ ಮೇಲಿನ ಪ್ರೀತಿ ಆ ಮನೆತನದಲ್ಲಿ ಹೀಗೆ ಬೆಳೆಯುತ್ತಾ ಬಂದಿದೆ. ಗೇಟಿನ ಮೇಲೆ ದೊಡ್ಡ ಫಲಕ: ‘ಸತತ ಆರು ವರ್ಷ ನೂರಕ್ಕೆ ನೂರು ಫಲಿತಾಂಶ’.

ಈ ವರ್ಷದಿಂದ ಎಂಟನೇ ತರಗತಿಯನ್ನು ಮೂರು ಭಾಗ ಮಾಡಿದ್ದರು. ಬುದ್ಧಿವಂತರದು ಅಚೀವರ್ಸ್. ಸುಮಾರಿನವರದು ಎಕ್ಸ್‌ಪ್ಲೋರರ್ಸ್. ಉಳಿದವರದು ಬ್ಲಾಸಮ್ಸ್. ಬ್ಲಾಸಮ್ಸ್ ಅಂದರೆ ಹೂವುಗಳು. ಯಾವ ಮಗುವಿನ ಮನಸ್ಸಿಗೂ ನೋವಾಗಬಾರದೆಂದು ಆ ಹೆಸರಿಟ್ಟಿದ್ದರು. ಎ, ಬಿ, ಸಿ ಅಂತ ಇಟ್ಟಿದ್ದರೆ ಮಕ್ಕಳಿಗೆ ಅರ್ಥವಾಗಿಬಿಡುತ್ತಿತ್ತಲ್ಲ. ಅಚೀವರ್ಸ್ ಕೊರಳಿಗೆ ನೀಲಿ ಪಟ್ಟಿ. ಬ್ಲಾಸಮ್ಸ್ ಕೊರಳಿಗೆ ಹಸಿರು. ದೂರದಿಂದಲೇ ಕಾಣುವ ಹಸಿರು.

ಕೀರ್ತನಳ ಕೊರಳಿಗೆ ಹಸಿರು ಬಂದಿತ್ತು. ಹುಡುಗಿ ಹದಿನೈದು ದಿನ ಅದನ್ನು ಗೇಟಿನ ಹೊರಗೆ ಬಂದ ಕೂಡಲೇ ಬಿಚ್ಚಿ ಚೀಲಕ್ಕೆ ತುರುಕಿ ಮನೆಗೆ ಬಂದಿದ್ದಾಳೆ. ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಮೂಗಿಗೆ ಬಿತ್ತು.

ಆ ಸಂಜೆ ಅವಳ ಚೀಲದಿಂದ ಹಸಿರು ಪಟ್ಟಿಯ ಜೊತೆಗೆ ಒಂದು ಕಾಗದವೂ ಹೊರಬಂತು. ಒಪ್ಪಿಗೆ ಪತ್ರ. ಪೋಷಕರು ಸಹಿ ಹಾಕಿ ತಿಂಗಳ ಕೊನೆಯೊಳಗೆ ಕೊಡಬೇಕು. ‘ನನ್ನ ಮಗುವಿನ ಸಾಮರ್ಥ್ಯದ ಮಿತಿಯನ್ನು ಸಂತೋಷದಿಂದ ಅರಿತು, ಯಾರ ಒತ್ತಾಯವೂ ಇಲ್ಲದೆ, ಬ್ಲಾಸಮ್ಸ್ ವಿಭಾಗಕ್ಕೆ ಸೇರಿಸಲು ಹಾಗೂ ಹತ್ತನೇ ತರಗತಿಯ ಪರೀಕ್ಷೆಯನ್ನು ಶಾಲೆಯ ಹೊರಗಿನಿಂದ, ಖಾಸಗಿ ಅಭ್ಯರ್ಥಿಯಾಗಿ ಬರೆಸಲು ಒಪ್ಪಿರುತ್ತೇನೆ.’

ಎರಡು ಸಲ ಓದಿದೆ. ಗೇಟಿನ ಮೇಲಿನ ನೂರಕ್ಕೆ ನೂರು ಇನ್ನು ಮುಂದೆ ಹೇಗೆ ಬರುತ್ತದೆಂದು ಗೊತ್ತಾಯಿತು. ಫೇಲಾಗಬಹುದಾದ ಮಕ್ಕಳು ಪರೀಕ್ಷೆಯ ದಿನ ಆ ಶಾಲೆಯ ಮಕ್ಕಳೇ ಆಗಿರುವುದಿಲ್ಲ. ಮೂರು ವರ್ಷ ಗೊಬ್ಬರ ಕಲಸುವಾಗ ಮಾತ್ರ ಶಾಲೆಯ ಮಕ್ಕಳು.

ಮಗ ಉಮಾಶಂಕರ ಪಿಳ್ಳಗುಂಪೆಯ ಕಾರ್ಖಾನೆಯಲ್ಲಿ ಪ್ರೆಸ್ ಮೆಷಿನ್ ಮುಂದೆ ನಿಲ್ಲುತ್ತಾನೆ. ಎಂಟು ಗಂಟೆ ನಿಂತು ಬಂದವನು ಚಪ್ಪಲಿ ಬಿಚ್ಚುವ ಮೊದಲೇ ಕಾಗದ ನೋಡಿದ.

‘ಸೈನ್ ಹಾಕ್ಬಿಡಣ ಕಣಮ್ಮ. ಅವರ ಜೊತೆ ಜಗಳ ಆಡಕ್ಕಾಯ್ತದಾ?’

‘ಜಗಳ ಯಾರಾಡ್ತಾರೆ? ಕೇಳ್ಕೊಂಡು ಬರ್ತೀನಿ ಅಷ್ಟೇ.’

‘ನೀನು ಕೇಳೋದೇ ಹಂಗಿರ್ತದಲ್ಲ.’

ಸೊಸೆ ಪ್ರಮೋದಾ ಗಾರ್ಮೆಂಟ್ಸಿನಿಂದ ಬಂದು ಬೆರಳಿಗೆ ಹೊಲಿಗೆ ಸೂಜಿ ಚುಚ್ಚಿದಲ್ಲಿ ಅರಿಸಿನ ಮೆತ್ತಿಕೊಳ್ಳುತ್ತಿದ್ದಳು. ತಲೆಯೆತ್ತದೆ ಹೇಳಿದಳು: ‘ಟೆಸ್ಟಲ್ಲಿ ಎಪ್ಪತ್ತೊಂದು ತಗೊಂಡವ್ಳೆ ನನ್ ಮಗಳು. ಎಪ್ಪತ್ತೊಂದು ತಗೊಂಡೋಳು ದಡ್ಡಿ ಹೆಂಗಾಯ್ತಾಳೆ ಅಂತ ಕೇಳ್ಕಂಬನ್ನಿ ಅತ್ತೆ. ನಾನು ಸೈನ್ ಹಾಕಲ್ಲ.’

*

ಪ್ರಿನ್ಸಿಪಾಲರ ಹೆಸರು ಜ್ಯೋತಿಲಕ್ಷ್ಮಿ. ಬಹಳ ಸೌಜನ್ಯದ ಹೆಂಗಸು. ನನ್ನನ್ನು ಒಂದೂವರೆ ಗಂಟೆ ಕಾಯಿಸಿದರೂ ಫ್ಯಾನಿನ ಕೆಳಗೇ ಕಾಯಿಸಿದರು.

‘ಅಜ್ಜೀ, ಮಾರ್ಕ್ಸ್ ಒಂದನ್ನೇ ನೋಡೋ ಕಾಲ ಹೋಯ್ತು. ನಾವು ಮಗೂನ ಪೂರ್ತಿಯಾಗಿ ನೋಡ್ತೀವಿ. ಬೆಂಗಳೂರಿಂದ ಸಾಫ್ಟ್‌ವೇರ್ ತರಿಸಿದೀವಿ. ಮಾರ್ಕ್ಸು, ಮನೆ ವಾತಾವರಣ, ಸಪೋರ್ಟು, ಎಲ್ಲಾ ಸೇರಿಸಿ ಅದೇ ಸೆಕ್ಷನ್ ಕೊಡತ್ತೆ. ನಮ್ಮ ಕೈ ಅದರಲ್ಲಿ ಇಲ್ಲವೇ ಇಲ್ಲ.’

‘ಮನೆ ವಾತಾವರಣ ಸಾಫ್ಟ್‌ವೇರಿಗೆ ಹೆಂಗಮ್ಮ ಗೊತ್ತಾಗತ್ತೆ? ಅದು ನಮ್ಮನೆಗೆ ಬಂದಿರಲಿಲ್ಲ.’

ಅವರು ನಕ್ಕರು. ‘ಅಡ್ಮಿಷನ್ ಫಾರಮ್ಮಲ್ಲಿ ಇರತ್ತಲ್ಲ ಅಜ್ಜಿ. ಈಗ ನೋಡಿ, ಮನೇಲಿ ಹೇಳಿಕೊಡೋರು ಯಾರಾದ್ರೂ ಇದಾರಾ?’

‘ನಾನಿದೀನಿ. ಬಿಎ ಮಾಡಿದೀನಿ.’

‘ಓಹ್! ಸೋ ಸ್ವೀಟ್!’ ಅಂದರು. ಮನಸಾರೆ ಅಂದರು. ನಾಯಿಮರಿ ಎರಡು ಕಾಲಿನ ಮೇಲೆ ನಿಂತಾಗ ಜನ ಹಾಗೆಯೇ ಸಂತೋಷಪಡುತ್ತಾರೆ.

ಹೊರಗೆ ಬಂದೆ. ಗೋಡೆಯ ಮೇಲೆ ಮೂರೂ ವಿಭಾಗಗಳ ಪಟ್ಟಿ ಅಂಟಿಸಿದ್ದರು. ಶಾಲೆಯ ಬಸ್ಸಿನ ಅನುಕೂಲಕ್ಕೆ ಪ್ರತಿ ಹೆಸರಿನ ಮುಂದೆ ಅಂಕ, ವಿಳಾಸ ಎರಡನ್ನೂ ಹಾಕಿದ್ದರು. ಬ್ಲಾಸಮ್ಸ್ ಪಟ್ಟಿಯಲ್ಲಿ ಮೂವತ್ತೆರಡು ಹೆಸರು. ಮೊಮ್ಮಗಳ ಹೆಸರು ಹುಡುಕಲು ಹೋದ ನಾನು ವಿಳಾಸ ಓದುತ್ತಾ ನಿಂತೆ. ಅದು ನನ್ನ ಕಣ್ಣಿನ ಚಾಳಿ.

ಹೊಸಕೋಟೆ ಸುತ್ತಿನ ಅಂಚೆ ಕಚೇರಿಗಳಲ್ಲಿ ನಾನು ಮೂವತ್ತೊಂದು ವರ್ಷ ದುಡಿದವಳು. ಗುಮಾಸ್ತೆಯಾಗಿ ಸೇರಿ ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತಳಾದೆ. ನಮ್ಮ ಅಂಬೇಡ್ಕರ್ ಕಾಲೋನಿಯಲ್ಲಿ ಈಗಲೂ ಪೋಸ್ಟಮ್ಮ ಅನ್ನುತ್ತಾರೆ. ಬೆಳಿಗ್ಗೆ ಚೀಲ ಬಿಚ್ಚಿ ಪತ್ರಗಳನ್ನು ಬೀಟಿನ ಪ್ರಕಾರ ಖಾನೆಗಳಿಗೆ ಹಾಕುವುದು ಮೊದಲ ಕೆಲಸ. ಬೀಟು ಅಂದರೆ ಒಬ್ಬ ಪೋಸ್ಟ್‌ಮ್ಯಾನ್ ಒಂದು ಸುತ್ತಿಗೆ ಹಂಚಬಹುದಾದ ಬೀದಿಗಳು. ವಿಳಾಸ ನೋಡಿದರೆ ಸಾಕು, ಯಾವ ಬೀಟು, ಎಷ್ಟನೇ ಮನೆ ಎಂದು ಕೈಯೇ ಹೇಳುತ್ತಿತ್ತು. ಕೆಟ್ಟ ಅಕ್ಷರದ ಪತ್ರವೂ ಇರುತ್ತಿತ್ತು, ಹರಿದ ಕಾರ್ಡೂ ಇರುತ್ತಿತ್ತು. ಎಲ್ಲವನ್ನೂ ತಲುಪಿಸುತ್ತಿದ್ದೆವು. ಯಾವ ಪತ್ರವನ್ನೂ ದಡ್ಡ ಅಂತ ಗೊಬ್ಬರದ ರೂಮಿಗೆ ಹಾಕಿದ್ದು ನೆನಪಿಲ್ಲ.

ಆ ಪಟ್ಟಿ ಓದುತ್ತಿದ್ದಂತೆ ನನ್ನ ಬಲಗೈ ತಾನಾಗಿ ಗಾಳಿಯಲ್ಲಿ ಆಡತೊಡಗಿತು. ಅಂಬೇಡ್ಕರ್ ಕಾಲೋನಿ ಮೊದಲ ಅಡ್ಡರಸ್ತೆ. ಕಾಲೋನಿ ಕೊನೆಯ ಸಾಲು. ಮಸೀದಿ ಹಿಂದಿನ ಬೀದಿ. ಇಟ್ಟಿಗೆ ಗೂಡಿನ ಶೆಡ್ಡುಗಳು. ವಡ್ಡರಪಾಳ್ಯ. ಪಿಳ್ಳಗುಂಪೆ ಕಾರ್ಖಾನೆಯವರ ಬಾಡಿಗೆ ವಠಾರ. ಮೂವತ್ತೆರಡು ಪತ್ರ, ಒಂದೇ ಖಾನೆ. ಒಬ್ಬ ಪೋಸ್ಟ್‌ಮ್ಯಾನ್ ಒಂದು ಸೈಕಲ್ಲಿನಲ್ಲಿ ಹತ್ತು ಗಂಟೆಗೆ ಹೊರಟು ಊಟದ ಹೊತ್ತಿಗೆ ಇಡೀ ಬ್ಲಾಸಮ್ಸ್ ಹಂಚಿ ಮುಗಿಸಬಹುದು.

ಅಚೀವರ್ಸ್ ಪಟ್ಟಿ ಓದಿದೆ. ಲೇಔಟು, ಅಪಾರ್ಟ್‌ಮೆಂಟು, ಊರ ಮುಂದಿನ ಬೀದಿ. ಅದೂ ಒಂದೇ ಬೀಟು. ನಲವತ್ತು ಅಂಕದವರು ನಾಲ್ಕು ಜನ ಅಲ್ಲಿದ್ದರು. ಎಪ್ಪತ್ತೊಂದು, ಅರವತ್ತಾರು, ಅರವತ್ತೆಂಟು ಈ ಕಡೆ ಹೂವಾಗಿದ್ದವು.

ಆಮೇಲೆ ಅಚೀವರ್ಸ್ ಪಟ್ಟಿಯ ನಡುವಿನ ಒಂದು ಹೆಸರಿನ ಮೇಲೆ ಕಣ್ಣು ನಿಂತಿತು. ಅರ್ಪಿತ ಬಿ. ಮೂವತ್ತನಾಲ್ಕು ಅಂಕ. ಸಿಲ್ವರ್ ಫರ್ನ್ ವಿಲ್ಲಾಸ್.

ನಮ್ಮ ಕಾಲೋನಿಯ ಭೀಮರಾಜನ ಮಗಳು ಅವಳು. ಭೀಮರಾಜ ಆ ವಿಲ್ಲಾಗಳ ಗೇಟಿನಲ್ಲಿ ವಾಚ್‌ಮನ್. ಗೇಟಿನ ಪಕ್ಕದ ಎಂಟಡಿ ಅಗಲದ ರೂಮಿನಲ್ಲಿ ಸಂಸಾರ. ಅವನ ಮಗಳ ಫಾರಮ್ಮು ತುಂಬಿದವಳು ನಾನೇ. ಕಾಲೋನಿಯ ಮನೆಗೆ ಬೀಗ ಹಾಕಿದೆ, ಅಲ್ಲಿಗೆ ಪತ್ರ ಬಂದರೆ ಸಿಗುವುದಿಲ್ಲ ಅಂದಿದ್ದ. ಪತ್ರ ಎಲ್ಲಿ ತಲುಪುತ್ತದೋ ಅದೇ ವಿಳಾಸ, ನನಗೆ ಇಲಾಖೆ ಕಲಿಸಿದ್ದು ಅದು. ‘ಸಿಲ್ವರ್ ಫರ್ನ್ ವಿಲ್ಲಾಸ್’ ಅಂತ ದುಂಡಗೆ ಬರೆದಿದ್ದೆ. ಸಾಫ್ಟ್‌ವೇರು ಅದನ್ನು ಓದಿ ಮಗುವಿನ ಮನೆಯಲ್ಲಿ ಈಜುಕೊಳ ಇದೆ ಅಂದುಕೊಂಡಿತು. ಅಂಚೆಯವಳ ಅಭ್ಯಾಸದಿಂದ ಒಬ್ಬಳು ಬುದ್ಧಿವಂತೆಯಾಗಿದ್ದಳು.

ನನ್ನ ಕೈಯಲ್ಲಿ ಪುರಾವೆ ಇತ್ತು. ಪ್ರಿನ್ಸಿಪಾಲರ ಬಾಗಿಲು ಹತ್ತು ಹೆಜ್ಜೆ. ಹೋಗಿ ಹೇಳಿದ್ದರೆ ಆ ಕ್ಷಣವೇ ಅರ್ಪಿತಳ ಕೊರಳಿನ ನೀಲಿ ಕಿತ್ತು ಹಸಿರು ಹಾಕುತ್ತಿದ್ದರು. ಒಬ್ಬರ ಮಗುವನ್ನು ತಳ್ಳಿ ನನ್ನ ಮಗುವನ್ನು ಎತ್ತಬೇಕೆ? ಬಾಯಿ ಮುಚ್ಚಿಕೊಂಡು ಗೇಟು ದಾಟಿದೆ.

*

ಮರುದಿನದಿಂದ ಬೀಟಿಗೆ ಹೊರಟೆ. ಸೈಕಲ್ ಇರಲಿಲ್ಲ. ಅರವತ್ತೆಂಟು ವರ್ಷದ ಮಂಡಿಗಳಿದ್ದವು. ಎರಡು ದಿನ, ಮೂವತ್ತೆರಡು ಮನೆ. ಇಟ್ಟಿಗೆ ಗೂಡಿನ ಹತ್ತಿರ ಕೆಸರಿನಲ್ಲಿ ಚಪ್ಪಲಿ ಕಿತ್ತುಹೋಯಿತು. ಒಬ್ಬ ಹುಡುಗಿ ತನ್ನ ಹವಾಯಿ ಚಪ್ಪಲಿ ಬಿಟ್ಟುಕೊಟ್ಟು ಬರಿಗಾಲಲ್ಲಿ ನಿಂತಳು. ‘ನಾಳೆ ಕೊಡಿ ಪರ್ವಾಗಿಲ್ಲ’ ಅಂದಳು.

ಲೇಔಟಿನ ಬೀದಿ ಗುಡಿಸುವವಳು ಕದಿರಮ್ಮ. ನಾನು ಹೋದಾಗ ಒಪ್ಪಿಗೆ ಪತ್ರವನ್ನು ಮುಂದಿಟ್ಟುಕೊಂಡು ಇಂಕು ಪ್ಯಾಡಿಗಾಗಿ ಕಾಯುತ್ತಿದ್ದಳು.

‘ಹೂವು ಅಂದ್ರಲ್ಲ ಪೋಸ್ಟಮ್ಮ. ಹೂವಾದ್ರೆ ಒಳ್ಳೇದೇ ಅಂತ ಹೆಬ್ಬೆಟ್ಟು ಒತ್ತನ ಅಂತಿದ್ದೆ.’

ಪತ್ರದಲ್ಲಿರುವುದನ್ನು ಓದಿ ಹೇಳಿದೆ. ಪೂರ್ತಿ ಕೇಳಿದಳು. ಕಾಗದವನ್ನು ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದಳು.

‘ನಾನೂ ಹೂವಿನ ಯಾಪಾರ ಮಾಡ್ದೋಳೇ ಕಣಮ್ಮ. ಹೂವಾದ್ರೆ ಕಟ್ಟಿ ದೇವ್ರ ತಲೆ ಮೇಲೆ ಇಡ್ತಾರೆ. ಯಾವ ಹೂವು ಕುಕ್ಕರಗಾಲಲ್ಲಿ ಕೂತು ಗೊಬ್ಬರ ಕಲಸ್ತದೆ, ಹೇಳು?’

‘ಅದನ್ನ ಅಲ್ಲಿ ಬಂದು ಕೇಳು.’

‘ಕೇಳ್ತೀನಿ. ನಂಗೇನು ಭಯ? ನನ್ನ ಪೊರಕೆ ಯಾರೂ ಕಿತ್ಕಳಲ್ಲ, ಕಿತ್ಕಂಡ್ರೆ ಅವರೇ ಗುಡಿಸ್ಬೇಕಾಯ್ತದೆ.’

ಮೂವತ್ತೆರಡರಲ್ಲಿ ಇಪ್ಪತ್ತೇಳು ಮನೆಯವರು ಸಹಿ ಹಾಕುವುದಿಲ್ಲ ಅಂದರು. ಐದು ಮನೆಯವರು ಆಗಲೇ ಹಾಕಿಬಿಟ್ಟಿದ್ದರು. ಒಬ್ಬ ಶಾಲೆಯ ಚೇರ್ಮನ್ ಕೆಂಪರಾಜು ಅವರ ಬಸ್ಸು ಓಡಿಸುತ್ತಾನೆ. ಇಬ್ಬರು ಅವರ ಜಮೀನಿನಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಅವರ ಹೆಸರು ಬರೆಯುವುದಿಲ್ಲ. ಅವರ ಜಾಗದಲ್ಲಿ ನಮ್ಮಮ್ಮ ಇದ್ದಿದ್ದರೂ ಹಾಕುತ್ತಿದ್ದಳು.

ಯಾರ ಮನೆಯಲ್ಲೂ ಅರ್ಪಿತಳ ಹೆಸರೆತ್ತಲಿಲ್ಲ. ವಿಲ್ಲಾ ಗೇಟಿನ ಮುಂದೆ ಹಾದುಬರುವಾಗ ಭೀಮರಾಜ ಎದ್ದು ನಿಂತ. ಅವನಿಗೆ ಸುದ್ದಿ ತಲುಪಿತ್ತು.

‘ಅಮ್ಮಾ, ನನ್ ಮಗಳ ವಿಷ್ಯ…’

‘ನಿನ್ನ ಮಗಳ ವಿಷಯ ನನಗೇನೂ ಗೊತ್ತಿಲ್ಲಪ್ಪ.’

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಹಿಂದಿನಿಂದ ಕಾರು ಹಾರ್ನ್ ಹಾಕಿತು. ಓಡಿಹೋಗಿ ಗೇಟು ತೆಗೆದ.

*

ಮೂರನೆಯ ದಿನ ಚೇರ್ಮನ್ನರಿಂದ ಕರೆ ಬಂತು. ಮೊಮ್ಮಗಳನ್ನೂ ಕರೆದುಕೊಂಡು ಒಳಗೆ ಹೋದೆ. ಕೆಂಪರಾಜು ಎದ್ದು ನಿಂತು ಕೈಮುಗಿದರು. ಅವರ ತಂದೆ ನನ್ನನ್ನು ‘ಏಯ್ ರತ್ನಿ’ ಅನ್ನುತ್ತಿದ್ದರು. ಇವರು ‘ಬನ್ನಿ ಮುನಿರತ್ನಮ್ಮೋರೇ’ ಅಂದರು. ದೇಶ ಮುಂದುವರಿದಿದೆ.

ಕಾಫಿ ಬಂತು. ಅವರಿಗೆ ಪಿಂಗಾಣಿ ಬಟ್ಟಲಿನಲ್ಲಿ. ಪ್ರಿನ್ಸಿಪಾಲರಿಗೆ ಪಿಂಗಾಣಿ ಬಟ್ಟಲಿನಲ್ಲಿ. ನನಗಾಗಿ ಪ್ಯಾಕೆಟ್ ಒಡೆದು ಹೊಸ ಪೇಪರ್ ಕಪ್ಪು ತೆಗೆಸಿದರು. ಒಬ್ಬರು ಕುಡಿದದ್ದರಲ್ಲಿ ಇನ್ನೊಬ್ಬರು ಕುಡಿಯಬಾರದಲ್ಲ, ಆರೋಗ್ಯದ ದೃಷ್ಟಿಯಿಂದ. ನಮ್ಮ ಆರೋಗ್ಯದ ಬಗ್ಗೆ ಆ ಮನೆತನಕ್ಕೆ ಮೊದಲಿಂದಲೂ ಕಾಳಜಿ. ನಮ್ಮಮ್ಮನಿಗೆ ತೆಂಗಿನ ಚಿಪ್ಪು ಇಟ್ಟಿದ್ದರು.

‘ನೀವು ಓದಿದೋರು,’ ಅಂದರು ಕೆಂಪರಾಜು. ‘ನೀವೇ ಮನೆಮನೆಗೆ ಹೋಗಿ ಜನಾನ ಎಬ್ಬಿಸಿದ್ರೆ ಹೆಂಗೆ? ನಮ್ಮೂರಿನ ಶಾಲೆ ಅಲ್ವಾ ಇದು?’

‘ಎಬ್ಬಿಸಲಿಲ್ಲಪ್ಪ. ನೀವು ಕೊಟ್ಟ ಕಾಗದಾನ ಓದಿ ಹೇಳ್ದೆ.’

‘ಸರಿ, ಬಿಡಿ. ತಪ್ಪಾಗಿದೆ. ಎಪ್ಪತ್ತೊಂದು ತಗೊಂಡಿರೋ ಮಗು ನಿಮ್ದು. ಸಾಫ್ಟ್‌ವೇರಲ್ಲಿ ಏನೋ ಆಗಿದೆ. ನಾಳೆಯಿಂದ ಅಚೀವರ್ಸ್‌ಗೆ ಹಾಕಿಸ್ತೀನಿ. ನೀವು ಸುಮ್ನಿದ್ಬಿಡಿ, ಅಷ್ಟೇ. ಉಳಿದೋರ ಚಿಂತೆ ನಿಮಗ್ಯಾಕೆ?’

ನಿಜ ಹೇಳುತ್ತೇನೆ. ನನಗೆ ಆಸೆಯಾಯಿತು. ಮೂರು ವರ್ಷದ ಓದು, ಲ್ಯಾಬು, ಹತ್ತನೇ ಕ್ಲಾಸಿನ ಪರೀಕ್ಷೆ, ಎಲ್ಲವೂ ಮೇಜಿನ ಆ ಕಡೆ ಇದ್ದವು. ನನ್ನ ಕೈ ಆಗಲೇ ಪೇಪರ್ ಕಪ್ಪನ್ನು ಹಿಡಿದಿತ್ತು. ಒಳ್ಳೆಯವಳೆಂದು ಹೆಸರು ಪಡೆದವಳಿಗೆ ಇಲ್ಲವೆನ್ನುವುದು ಬರುವುದಿಲ್ಲ. ಮೂವತ್ತೊಂದು ವರ್ಷ ಎಲ್ಲರಿಗೂ ‘ಆಗ್ಲಿ ಸಾರ್’ ಅಂದ ನಾಲಿಗೆ ಇದು.

ಅವರು ಕೀರ್ತನಳ ಕಡೆ ತಿರುಗಿದರು.

‘ಏನಮ್ಮಾ ಪುಟ್ಟಾ, ಅಚೀವರ್ಸ್‌ಗೆ ಬರ್ತೀಯಾ?’

ಅವಳು ಕೊರಳಿನ ಹಸಿರು ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

‘ಗೊಬ್ಬರ ಯಾರು ಕಲಸ್ತಾರೆ ಸರ್?’

‘ಆಂ?’

‘ನಾನು ಬಂದ್ಬಿಟ್ರೆ. ಗೊಬ್ಬರ ಯಾರು ಕಲಸ್ತಾರೆ?’

‘ಯಾರೋ ಕಲಸ್ತಾರಮ್ಮ. ಅದೆಲ್ಲ ನಿನಗ್ಯಾಕೆ?’

‘ಹಂಗಾದ್ರೆ ನಾನು ಬರಲ್ಲ.’

ಪ್ರಿನ್ಸಿಪಾಲರು ಬಟ್ಟಲನ್ನು ತಟ್ಟೆಯ ಮೇಲಿಟ್ಟ ಸದ್ದು ಕೇಳಿಸಿತು. ನಾನು ಪೇಪರ್ ಕಪ್ಪನ್ನು ಕುಡಿಯದೆ ಮೇಜಿನ ಮೇಲೆ ಅವರ ಕಡೆಗೆ ಸರಿಸಿದೆ.

‘ಕೆಂಪರಾಜು,’ ಅಂದೆ. ಅವರನ್ನು ಹಾಗೆ ಬರೀ ಹೆಸರಿಂದ ಕರೆದದ್ದು ನನಗೇ ಹೊಸದು. ‘ನಿಮ್ಮಪ್ಪನ ಉಗ್ರಾಣದಲ್ಲಿ ನಾನು ಹಿಂಡಿ ಚೀಲದ ಪಕ್ಕ ಕೂತು ಓದಿದೋಳು. ಆಗ ನಮ್ಮ ಕೈಲಿ ಯಾರೂ ಸೈನ್ ಹಾಕಿಸ್ಕೊಳ್ಳಲಿಲ್ಲ. ಕೂತ್ಕೋ ಅಂದ್ರು, ಕೂತ್ಕೊಂಡ್ವಿ. ನೀನು ಅಲ್ಲೇ ಕೂರಿಸಿ, ಸಂತೋಷದಿಂದ ಕೂತಿದೀವಿ ಅಂತ ಬರೆಸ್ಕೊಳ್ಳಕ್ಕೆ ಬಂದಿದೀಯ. ಅದೊಂದು ಆಗಲ್ಲ. ಸಹಿ ಹಾಕಲ್ಲ.’

ಬಾಗಿಲ ತನಕ ಕೀರ್ತನ ನನ್ನ ತೋಳು ಹಿಡಿದುಕೊಂಡೇ ಬಂದಳು.

*

ಶಾಲೆಯಲ್ಲಿ ಶಿಸ್ತು ಚೆನ್ನಾಗಿದೆ. ಮರುದಿನವೇ ನಿಯಮ ಬಂತು. ಒಪ್ಪಿಗೆ ಪತ್ರ ಕೊಡದವರ ವಿಭಾಗ ಇನ್ನೂ ನಿರ್ಧಾರವಾಗಿಲ್ಲ. ವಿಭಾಗ ಇಲ್ಲದವರಿಗೆ ತರಗತಿ ಇಲ್ಲ. ತರಗತಿ ಇಲ್ಲದವರಿಗೆ ಶಾಲೆಯ ಊಟದ ಪಟ್ಟಿಯಲ್ಲಿ ಹೆಸರಿಲ್ಲ. ಯಾರನ್ನೂ ಹೊರಗೆ ಹಾಕಿರಲಿಲ್ಲ. ಒಳಗೆ ಬಿಟ್ಟಿರಲಿಲ್ಲ, ಅಷ್ಟೇ.

ಗೇಟಿನ ಎದುರು ರಸ್ತೆಯ ಆಚೆ ಒಂದು ಹೊಂಗೆ ಮರವಿದೆ. ಅದರ ಕೆಳಗೆ ಕುಳಿತೆವು. ಮೊದಲ ದಿನ ಇಪ್ಪತ್ತೇಳು ಮಕ್ಕಳು. ನಾನು ನೆಲದ ಮೇಲೆ ಕಡ್ಡಿಯಿಂದ ಗೀಚಿ ಲೆಕ್ಕ ಹೇಳಿಕೊಟ್ಟೆ. ಕದಿರಮ್ಮ ಪೊರಕೆ ಸಮೇತ ಬಂದು ನಾವು ಕೂರುವ ಜಾಗ ಗುಡಿಸಿದಳು. ಆಮೇಲೆ ಗೇಟಿಗೆ ಹೋಗಿ, ಹೂವು ಗೊಬ್ಬರ ಕಲಸುವ ವಿಷಯವನ್ನು ಇಡೀ ರಸ್ತೆಗೆ ಕೇಳುವಂತೆ ಕೇಳಿದಳು. ಕಿಟಕಿಗಳು ಮುಚ್ಚಿದವು.

ಎರಡನೆಯ ದಿನ ಹದಿನಾರು ಮಕ್ಕಳು. ಫೋನುಗಳು ಓಡಾಡಿದ್ದವು. ಇಟ್ಟಿಗೆ ಗೂಡಿನ ಮಾಲೀಕರಿಗೆ ಹೋಗಿತ್ತು. ಕಾರ್ಖಾನೆಯ ಸೂಪರ್‌ವೈಸರಿಗೂ ಹೋಗಿತ್ತು. ಆ ರಾತ್ರಿ ಉಮಾಶಂಕರ ಊಟದ ತಟ್ಟೆಯ ಮುಂದೆ ಸುಮ್ಮನೆ ಕುಳಿತಿದ್ದ. ಬೈಯುತ್ತಾನೆ ಅಂದುಕೊಂಡೆ.

‘ನಾಳೆ ನಂಗೆ ಸೆಕೆಂಡ್ ಶಿಫ್ಟು,’ ಅಂದ. ‘ಬೆಳಿಗ್ಗೆ ನಾನೂ ಬಂದು ಕೂತ್ಕೋತೀನಿ. ನೆಲದ ಮೇಲೆ ಕೂತ್ರೆ ನಿಂಗೆ ಏಳಕ್ಕಾಗಲ್ಲ. ಸ್ಟೂಲು ತರ್ತೀನಿ.’

ಮೂರನೆಯ ದಿನ ಒಂಬತ್ತು ಮಕ್ಕಳು. ಮಗ ತಂದ ಸ್ಟೂಲಿನ ಮೇಲೆ ನಾನು. ಹನ್ನೆರಡೂವರೆಗೆ ಅವನು ಕಾರ್ಖಾನೆಗೆ ಹೊರಟ. ಮಸೀದಿ ಬೀದಿಯ ಹುಡುಗಿಯೊಬ್ಬಳು ಡಬ್ಬಿ ತಂದಿರಲಿಲ್ಲ. ನನ್ನದನ್ನು ಅವಳಿಗೆ ಕೊಟ್ಟು, ನನಗೆ ಹಸಿವಿಲ್ಲ ಅಂದೆ. ಒಂಬತ್ತು ನಾಳೆ ನಾಲ್ಕಾಗುತ್ತದೆ, ನಾಡಿದ್ದು ಕೀರ್ತನ ಒಬ್ಬಳೇ ಆಗುತ್ತಾಳೆ ಎಂದು ಲೆಕ್ಕ ಹಾಕುತ್ತಿದ್ದೆ. ಆ ಲೆಕ್ಕವನ್ನು ನೆಲದ ಮೇಲೆ ಗೀಚಲಿಲ್ಲ.

ಒಂದು ಗಂಟೆಗೆ ಭೀಮರಾಜನ ಸೈಕಲ್ ಬಂತು. ವಾಚ್‌ಮನ್ ಸಮವಸ್ತ್ರದಲ್ಲೇ ಇದ್ದ. ನಮ್ಮ ಕಡೆ ನೋಡದೆ ಸೈಕಲ್ ನಿಲ್ಲಿಸಿ ಗೇಟು ದಾಟಿ ಆಫೀಸಿಗೆ ಹೋದ. ಇವನನ್ನೂ ಕರೆಸಿ ಹೆದರಿಸುತ್ತಿದ್ದಾರೆ ಅಂದುಕೊಂಡೆ.

ಅರ್ಧ ಗಂಟೆಯ ಮೇಲೆ ಗೇಟಿನಿಂದ ಅರ್ಪಿತ ಬಂದಳು. ಬೆನ್ನಿಗೆ ಚೀಲ. ಕೊರಳಲ್ಲಿ ನೀಲಿ ಪಟ್ಟಿ ಇಲ್ಲ. ಬಂದವಳೇ ಕೀರ್ತನಳ ಪಕ್ಕ ಒತ್ತಿಕೊಂಡು ಕುಳಿತಳು.

‘ಯಾಕೆ ಕಣೇ ಬಂದೆ?’ ಕೀರ್ತನ ಕೇಳಿದಳು.

‘ಅಲ್ಲಿ ಏನೂ ಅರ್ಥ ಆಗಲ್ಲ ಕಣೇ. ಯಾರೂ ಮಾತೂ ಆಡ್ಸಲ್ಲ. ಅಪ್ಪಂಗೆ ದಿನಾ ಹೇಳ್ತಿದ್ದೆ.’ ಕೈಯಲ್ಲಿದ್ದ ಕಾಗದವನ್ನು ನನಗೆ ಕೊಟ್ಟಳು. ‘ಅಪ್ಪ ಕೊಡು ಅಂದ್ರು ಅಜ್ಜಿ.’

ಕಂಪ್ಯೂಟರಿನಿಂದ ಬಂದ ಚೀಟಿ. ಪ್ರಿನ್ಸಿಪಾಲರ ಸಹಿ, ಶಾಲೆಯ ಮೊಹರು. ‘ವಿದ್ಯಾರ್ಥಿ: ಅರ್ಪಿತ ಬಿ. ಅಂಕ: 34. ಹಿಂದಿನ ವಿಭಾಗ: ಅಚೀವರ್ಸ್. ಹೊಸ ವಿಭಾಗ: ಬ್ಲಾಸಮ್ಸ್. ಬದಲಾವಣೆಗೆ ಕಾರಣ: ವಿಳಾಸ ತಿದ್ದುಪಡಿ.’

ಮೂರು ಸಲ ಓದಿದೆ. ಭೀಮರಾಜ ಆಗ ಗೇಟಿನಿಂದ ಹೊರಗೆ ಬಂದ.

‘ಏನಪ್ಪಾ ಮಾಡ್ಬಿಟ್ಟೆ?’

‘ಏನಿಲ್ಲಮ್ಮ. ವಿಲ್ಲಾ ನಮ್ದಲ್ಲ, ನಮ್ದು ಅಂಬೇಡ್ಕರ್ ಕಾಲೋನಿ ಕೊನೆ ಸಾಲು ಅಂತ ಬರೆದುಕೊಟ್ಟೆ. ಆ ಕ್ಲರ್ಕು ವಿಳಾಸ ಒತ್ತುತ್ತಿದ್ದಂಗೆ ಸೆಕ್ಷನ್ನು ತಾನೇ ಬದಲಾಗ್ಬಿಡ್ತು. ಅದಕ್ಕೊಂದು ಕಾಗದ ಕೊಡಿ ಅಂದೆ. ಮೇಡಮ್ಮು ಫೋನಲ್ಲಿ ಮಾತಾಡ್ತಾ ಇದ್ರು, ಸೈನ್ ಹಾಕ್ಬಿಟ್ರು. ಓದಲಿಲ್ಲ.’ ಆಮೇಲೆ ಅಂದ: ‘ನಮ್ಮೋರಿಗೂ ಓದ್ದೆ ಸೈನ್ ಹಾಕಿ ಅಂದಿದ್ರಲ್ಲಮ್ಮ.’

ಚೀಟಿಯನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡೆ. ಇದರ ಪ್ರತಿಗಳನ್ನು ಎಲ್ಲೆಲ್ಲಿಗೆ, ಯಾವ ಯಾವ ಅಧಿಕಾರಿಗೆ ರಿಜಿಸ್ಟರ್ ಮಾಡಬೇಕೆಂದು ಕೈ ಆಗಲೇ ಖಾನೆ ಖಾನೆಗೆ ಹಾಕುತ್ತಿತ್ತು. ಒಂದು ಕೆಂಪರಾಜುಗೂ ಹೋಗುತ್ತದೆ. ಪತ್ರ ತಲುಪಿತೆಂಬ ಸ್ವೀಕೃತಿ ಕಾರ್ಡಿನ ಮೇಲೆ ಈ ಸಲ ಅವನು ಸಹಿ ಹಾಕಬೇಕು. ಸಂತೋಷದಿಂದಲೋ ಒತ್ತಾಯದಿಂದಲೋ, ಆ ಕಾರ್ಡು ಕೇಳುವುದಿಲ್ಲ.

ರಸ್ತೆಯ ಆ ತುದಿಯಿಂದ ಎರಡು ಮಕ್ಕಳು ಚೀಲ ಹೊತ್ತು ನಮ್ಮ ಕಡೆ ಬರುತ್ತಿದ್ದವು. ನಿನ್ನೆ ಬಿಟ್ಟುಹೋದವು. ಅವುಗಳ ಹಿಂದೆ ಕದಿರಮ್ಮ, ಅವುಗಳನ್ನು ಪೊರಕೆಯಿಂದ ಅಟ್ಟಿಕೊಂಡು ಬರುವವಳ ಹಾಗೆ.

‘ಊಟ ಆಯ್ತಾಮ್ಮ?’ ಭೀಮರಾಜ ಕೇಳಿದ.

‘ಆಯ್ತಪ್ಪ.’

ಅವನು ನೆಲದ ಮೇಲಿದ್ದ ಡಬ್ಬಿಗಳನ್ನು ನೋಡಿದ. ಮಸೀದಿ ಬೀದಿಯ ಹುಡುಗಿಯ ಮುಂದಿದ್ದ ನನ್ನ ಡಬ್ಬಿಯನ್ನೂ ನೋಡಿದ. ಸೈಕಲ್ಲಿನ ಹ್ಯಾಂಡಲಿಗೆ ನೇತುಹಾಕಿದ್ದ ತನ್ನ ಊಟದ ಕ್ಯಾರಿಯರ್ ಬಿಡಿಸಿ, ಅದರ ಮೇಲಿನ ಧೂಳನ್ನು ತೋಳಿನಿಂದ ಒರೆಸಿ, ನನ್ನ ಮಡಿಲಿನಲ್ಲಿಟ್ಟ. ಸೈಕಲ್ ತಿರುಗಿಸಿಕೊಂಡು ಗೇಟು ಕಾಯಲು ಹೊರಟುಹೋದ.

ಮುಚ್ಚಳ ತೆಗೆದೆ. ಒಬ್ಬರಿಗಾಗುವಷ್ಟು ಸೊಪ್ಪಿನ ಸಾರು. ಒಂದೇ ಮುದ್ದೆ.